ಕಮಾಂಡೊ ದೇಹದಲ್ಲಿ ಎಷ್ಟು ಕೊಬ್ಬು ಇರಬೇಕು?

2025ರ ಸೆಪ್ಟೆಂಬರ್ 30ರಂದು ಅಮೆರಿಕದ ರಕ್ಷಣಾ ಇಲಾಖೆಯ ಮುಖ್ಯಸ್ಥ ಪೀಟ್ ಹೆಗ್ಸೆತ್, ವರ್ಜೀನಿಯಾದ ಕ್ವಾಂಟಿಕೊದಲ್ಲಿ ನೂರಾರು ಜನರಲ್‌ಗಳನ್ನೂ ಅಡ್ಮಿರಲ್‌ಗಳನ್ನೂ ಎದುರಿಗೆ ಕೂರಿಸಿಕೊಂಡು, ದಪ್ಪಗಿರುವ ಸೈನಿಕರನ್ನು ನೋಡಿ ಸಾಕಾಗಿದೆ ಎಂಬ ಅರ್ಥದ ಮಾತಾಡಿದರು. ದಪ್ಪಗಿರುವ ಜನರಲ್‌ಗಳನ್ನೂ ಬಿಡಲಿಲ್ಲ. ಆ ಭಾಷಣದ ತುಣುಕುಗಳು ಎಲ್ಲ ಕಡೆ ಓಡಾಡಿದವು. ಜೊತೆಗೆ ಅಮೆರಿಕದ ನೇವಿ ಸೀಲ್ಸ್, ರೇಂಜರ್ಸ್, ಬ್ರಿಟನ್ನಿನ ಎಸ್‌ಎಎಸ್ ಮುಂತಾದ ಕಮಾಂಡೊ ಪಡೆಗಳ ತರಬೇತಿಯ ವಿಡಿಯೊಗಳು ಮೊದಲಿಂದಲೂ ಇದ್ದೇ ಇವೆ. ತಲೆ ಮೇಲೆ ದೋಣಿ ಹೊತ್ತು ಓಡುವ ಹುಡುಗರು, ತಣ್ಣನೆ ಸಮುದ್ರದಲ್ಲಿ ಕೈ ಕೈ ಹಿಡಿದು ನಡುಗುತ್ತಾ ಮಲಗಿದವರು, ಬೆನ್ನಿಗೆ ಮೂಟೆ ಕಟ್ಟಿಕೊಂಡು ಬೆಟ್ಟ ಹತ್ತುವವರು. ಬಹಳ ಜನರಿಗೆ ಸಿಕ್ಸ್ ಪ್ಯಾಕ್. ಇದನ್ನೆಲ್ಲ ನೋಡಿದವರಿಗೆ ಅನ್ನಿಸುವುದು ಒಂದೇ: ಕೊಬ್ಬು ಕಮ್ಮಿ ಇದ್ದಷ್ಟೂ ಸೈನಿಕ ಗಟ್ಟಿ.

ಇದು ಅರ್ಧ ಸರಿ. ಇನ್ನರ್ಧ ಅಪಾಯಕಾರಿ ತಪ್ಪು. ಯಾಕೆ ಅಂತ ಬುಡದಿಂದ ನೋಡೋಣ.

ತೂಕ ಒಂದೇ, ದೇಹ ಬೇರೆ

ನಿಮ್ಮ ತೂಕವನ್ನು ಎರಡು ಪಾಲು ಮಾಡಿ. ಒಂದು ಪಾಲು ಕೊಬ್ಬು. ಇನ್ನೊಂದು, ಕೊಬ್ಬು ಬಿಟ್ಟು ಉಳಿದದ್ದೆಲ್ಲ: ಸ್ನಾಯು, ಮೂಳೆ, ರಕ್ತ, ನೀರು, ಕರುಳು, ಮಿದುಳು. ಈ ಎರಡು ಪಾಲು ಎಷ್ಟೆಷ್ಟು ಎನ್ನುವುದಕ್ಕೆ ಬಾಡಿ ಕಾಂಪೊಸಿಷನ್, ಅಂದರೆ ದೇಹ ಸಂಯೋಜನೆ ಎನ್ನುತ್ತಾರೆ. ಒಟ್ಟು ತೂಕದಲ್ಲಿ ಕೊಬ್ಬಿನ ಪಾಲನ್ನು ಶೇಕಡಾ ಲೆಕ್ಕದಲ್ಲಿ ಹೇಳಿದರೆ ಅದು ಬಾಡಿ ಫ್ಯಾಟ್ ಪರ್ಸೆಂಟ್. ಇಷ್ಟೇ ವಿಷಯ. ಆದರೆ ತಕ್ಕಡಿಗೆ ಇದು ಕಾಣುವುದಿಲ್ಲ.

ಬಿಎಂಐಗೂ ಕಾಣುವುದಿಲ್ಲ. ತೂಕವನ್ನು ಎತ್ತರದ ವರ್ಗದಿಂದ ಭಾಗಿಸುವ ಈ ಲೆಕ್ಕವನ್ನು 19ನೇ ಶತಮಾನದಲ್ಲಿ ಹುಡುಕಿದವರು ಬೆಲ್ಜಿಯಂನ ಅಡಾಲ್ಫ್ ಕೆಟಲೆ. ಅವರು ಡಾಕ್ಟರ್ ಅಲ್ಲ, ಖಗೋಳ ಮತ್ತು ಅಂಕಿಅಂಶಗಳ ವಿದ್ವಾಂಸ. ಅವರಿಗೆ ಬೇಕಿದ್ದದ್ದು ಒಂದಿಡೀ ಜನಸಮೂಹದ ಸರಾಸರಿ, ಒಬ್ಬ ವ್ಯಕ್ತಿಯ ಆರೋಗ್ಯ ಅಲ್ಲ. ಬಿಎಂಐ ಎಂಬ ಹೆಸರು ಬಂದದ್ದೇ 1972ರಲ್ಲಿ, ಆನ್ಸೆಲ್ ಕೀಸ್ ಅವರಿಂದ. ಈ ಕೀಸ್ ಮುಂದೆ ಇನ್ನೊಮ್ಮೆ ಬರುತ್ತಾರೆ.

ಒಂದು ಲೆಕ್ಕ ಮಾಡಿ. ಇಬ್ಬರು ಗಂಡಸರು, ಇಬ್ಬರೂ 178 ಸೆಂಟಿಮೀಟರ್ ಎತ್ತರ, 86 ಕೆಜಿ ತೂಕ. ಇಬ್ಬರ ಬಿಎಂಐ 27. ಇಬ್ಬರೂ 'ಅಧಿಕ ತೂಕ' ಎಂಬ ಪಟ್ಟಿಗೆ ಬೀಳುತ್ತಾರೆ. ಆದರೆ ಒಬ್ಬನ ಕೊಬ್ಬು ಶೇ 12, ಅಂದರೆ ಸುಮಾರು 10 ಕೆಜಿ. ಇನ್ನೊಬ್ಬನದು ಶೇ 28, ಅಂದರೆ 24 ಕೆಜಿ. ಮೊದಲನೆಯವನ ಹತ್ತಿರ 14 ಕೆಜಿ ಜಾಸ್ತಿ ಸ್ನಾಯು, ಮೂಳೆ, ರಕ್ತ ಇದೆ. ಈ ಇಬ್ಬರನ್ನೂ ಒಂದೇ ಅಂತ ಹೇಳುವ ಅಳತೆಯನ್ನು ನಂಬಿ ಸೈನಿಕರನ್ನು ಆರಿಸಲು ಹೋದರೆ ಏನಾಗಬಹುದು? ಏನಾಯಿತು ಅನ್ನುವುದೇ ದಾಖಲಾಗಿದೆ.

ಮುಳುಗುಗಾರರ ಡಾಕ್ಟರ್ ಕಂಡುಕೊಂಡದ್ದು

ಕೊಬ್ಬು ಅಳೆಯುವ ವಿಜ್ಞಾನ ಬಹುಮಟ್ಟಿಗೆ ಸೇನೆಯಲ್ಲೇ ಬೆಳೆದದ್ದು, ಅದೂ ಸೌಂದರ್ಯದ ಚಿಂತೆಯಿಂದ ಅಲ್ಲ. ಅಮೆರಿಕದ ನೌಕಾಪಡೆಯಲ್ಲಿ ಆಲ್ಬರ್ಟ್ ಬೆಂಕೆ ಎಂಬ ಡಾಕ್ಟರ್ ಇದ್ದರು. ಸಮುದ್ರದಾಳಕ್ಕೆ ಇಳಿಯುವ ಮುಳುಗುಗಾರರ ಆರೋಗ್ಯ ಅವರ ಕೆಲಸ. 1939ರಲ್ಲಿ ಸ್ಕ್ವಾಲಸ್ ಎಂಬ ಸಬ್‌ಮರೀನ್ ಮುಳುಗಿ ಅದರಿಂದ 33 ಜನರನ್ನು ಜೀವಂತ ಮೇಲೆತ್ತಿದ ಕಾರ್ಯಾಚರಣೆಯಲ್ಲೂ ಅವರಿದ್ದರು.

ಆಳದಲ್ಲಿ ಒತ್ತಡ ಜಾಸ್ತಿ. ಉಸಿರಾಡಿದ ಗಾಳಿಯ ನೈಟ್ರೋಜನ್ ದೇಹದೊಳಗೆ ಕರಗುತ್ತದೆ. ಬೇಗ ಮೇಲೆ ಬಂದರೆ ಅದು ಗುಳ್ಳೆಗಳಾಗಿ ಹೊರಬಂದು ಕೀಲು ನೋವಿನಿಂದ ಹಿಡಿದು ಪಾರ್ಶ್ವವಾಯು, ಸಾವಿನವರೆಗೂ ಹೋಗಬಹುದು. ಈ ನೈಟ್ರೋಜನ್ ನೀರಿಗಿಂತ ಕೊಬ್ಬಿನಲ್ಲಿ ಸುಮಾರು 5 ಪಟ್ಟು ಹೆಚ್ಚು ಕರಗುತ್ತದೆ. ಹಾಗಾಗಿ ಮುಳುಗುಗಾರನಲ್ಲಿ ಎಷ್ಟು ಕೊಬ್ಬಿದೆ ಎಂದು ತಿಳಿಯುವುದು ಬೆಂಕೆಗೆ ಪ್ರಾಣದ ಪ್ರಶ್ನೆ.

ಅವರು ಹಿಡಿದದ್ದು ಆರ್ಕಿಮಿಡೀಸನ ದಾರಿ. ಮನುಷ್ಯನನ್ನು ಒಮ್ಮೆ ಗಾಳಿಯಲ್ಲಿ, ಇನ್ನೊಮ್ಮೆ ಪೂರ್ತಿ ನೀರೊಳಗೆ ಮುಳುಗಿಸಿ ತೂಗಿದರೆ ಅವನ ಸಾಂದ್ರತೆ ಸಿಗುತ್ತದೆ. ಕೊಬ್ಬಿನ ಒಂದು ಘನ ಸೆಂಟಿಮೀಟರ್ ಸುಮಾರು 0.9 ಗ್ರಾಂ, ಉಳಿದ ದೇಹ ಸುಮಾರು 1.1 ಗ್ರಾಂ. ಕೊಬ್ಬು ತೇಲುತ್ತದೆ, ಸ್ನಾಯು ಮತ್ತು ಮೂಳೆ ಮುಳುಗುತ್ತವೆ. ಒಟ್ಟು ಸಾಂದ್ರತೆ ಗೊತ್ತಾದರೆ ಪಾಲು ಲೆಕ್ಕ ಹಾಕಬಹುದು.

1942ರಲ್ಲಿ ಬೆಂಕೆ ಮತ್ತು ಸಂಗಡಿಗರು 25 ಮಂದಿ ವೃತ್ತಿಪರ ಅಮೆರಿಕನ್ ಫುಟ್‌ಬಾಲ್ ಆಟಗಾರರ ಅಳತೆ ಪ್ರಕಟಿಸಿದರು. ಎತ್ತರ ಮತ್ತು ತೂಕದ ಕೋಷ್ಟಕ ನೋಡಿದರೆ ಅವರಲ್ಲಿ 17 ಜನ ಸೇನೆಗೆ ಲಾಯಕ್ಕಿಲ್ಲದಷ್ಟು ದಪ್ಪ! ನೀರಲ್ಲಿ ತೂಗಿದಾಗ ಗೊತ್ತಾದದ್ದು ಅವರಲ್ಲಿ ಹೆಚ್ಚಿನವರ ತೂಕವೆಲ್ಲ ಸ್ನಾಯು ಎಂದು. ದೇಶದ ಅತಿ ಗಟ್ಟಿ ಗಂಡಸರನ್ನೇ ತಕ್ಕಡಿ ಹೊರಗೆ ಹಾಕುತ್ತಿತ್ತು.

ಈ ಸಾಂದ್ರತೆಯ ವಿಷಯ ಈಗಲೂ ತರಬೇತಿಯ ಕೊಳದಲ್ಲಿ ಕಾಣಿಸುತ್ತದೆ. ಸೀಲ್ಸ್ ತರಬೇತಿಯಲ್ಲಿ ಕೈಕಾಲು ಕಟ್ಟಿ ನೀರಿಗೆ ಬಿಡುವ ಒಂದು ಪರೀಕ್ಷೆ ಇದೆ. ಮೈಯಲ್ಲಿ ಕೊಬ್ಬೇ ಇಲ್ಲದ, ಸ್ನಾಯು ತುಂಬಿದ ಹುಡುಗ ಕಲ್ಲಿನ ಹಾಗೆ ತಳ ಸೇರುತ್ತಾನೆ, ಮತ್ತೆ ಮೇಲೆ ಬರಲು ಪ್ರತಿ ಸಲವೂ ಒದ್ದುಕೊಂಡು ಬರಬೇಕು. ಕನ್ನಡಿ ಮುಂದೆ ಚೆಂದ ಕಂಡ ದೇಹ ನೀರಲ್ಲಿ ಹೊರೆ.

ಈಗ ಹೇಗೆ ಅಳೆಯುತ್ತಾರೆ

ನೀರಲ್ಲಿ ಮುಳುಗಿಸಿ ತೂಗುವುದು ಸಾವಿರಾರು ಜನರಿಗೆ ಆಗುವ ಕೆಲಸ ಅಲ್ಲ. ಈಗ ಸಂಶೋಧಕರು ಹೆಚ್ಚಾಗಿ ನಂಬುವುದು ಡೆಕ್ಸಾ ಸ್ಕ್ಯಾನ್ ಅನ್ನು. ಎರಡು ಬೇರೆ ಬೇರೆ ಶಕ್ತಿಯ ಎಕ್ಸ್-ರೇ ದೇಹದ ಮೂಲಕ ಹಾಯುತ್ತದೆ. ಮೂಳೆ, ಕೊಬ್ಬು, ಮೆತ್ತನೆಯ ಇತರ ಭಾಗ, ಮೂರೂ ಅದನ್ನು ಬೇರೆ ಬೇರೆ ಪ್ರಮಾಣದಲ್ಲಿ ತಡೆಯುತ್ತವೆ. ಇನ್ನೊಂದು ಚರ್ಮ ಚಿವುಟಿ ಹಿಡಿದು ಇಕ್ಕಳದಂಥ ಕ್ಯಾಲಿಪರ್‌ನಲ್ಲಿ ಅಳೆಯುವುದು. ಕೈ ಪಳಗಿದವರು ಮಾಡಿದರೆ ಪರವಾಗಿಲ್ಲ.

ಮನೆಯ ಸ್ಮಾರ್ಟ್ ತಕ್ಕಡಿಗಳದ್ದು ಬೇರೆಯೇ ಕಥೆ. ಅವು ಪಾದದಿಂದ ಸಣ್ಣ ವಿದ್ಯುತ್ ಹಾಯಿಸುತ್ತವೆ. ಸ್ನಾಯುವಿನಲ್ಲಿ ನೀರು ಜಾಸ್ತಿ, ಕರೆಂಟ್ ಸಲೀಸಾಗಿ ಹೋಗುತ್ತದೆ. ಕೊಬ್ಬಿನಲ್ಲಿ ನೀರು ಕಮ್ಮಿ, ತಡೆಯುತ್ತದೆ. ಹಾಗಂದ್ರೆ ಅದು ನಿಜವಾಗಿ ಅಳೆಯುವುದು ನೀರನ್ನು, ಕೊಬ್ಬು ಬರೀ ಅಂದಾಜು. ಚೆನ್ನಾಗಿ ಬೆವರಿ ಬಂದು ನಿಂತರೆ ಒಂದು ಸಂಖ್ಯೆ, ನೀರು ಕುಡಿದು ನಿಂತರೆ ಇನ್ನೊಂದು.

ಸೇನೆಗಳು ಮಾತ್ರ ಇವತ್ತಿಗೂ ಟೇಪ್ ಹಿಡಿಯುತ್ತವೆ. ಅಗ್ಗ, ಎಲ್ಲಿ ಬೇಕಾದರೂ ಆಗುತ್ತದೆ. ಅಮೆರಿಕದ ಭೂಸೇನೆ 2023ರಲ್ಲಿ ಕುತ್ತಿಗೆ ಅಳತೆಯನ್ನು ಕೈಬಿಟ್ಟು ಹೊಕ್ಕುಳ ಮಟ್ಟದ ಸುತ್ತಳತೆ ಒಂದನ್ನೇ ಇಟ್ಟುಕೊಂಡಿತು. ಆಗ ಅಲ್ಲಿದ್ದ ಮಿತಿ ಕೇಳಿದರೆ ಆಶ್ಚರ್ಯ ಆಗಬಹುದು. 17ರಿಂದ 20 ವಯಸ್ಸಿನ ಗಂಡಸರಿಗೆ ಶೇ 20, ಹೆಂಗಸರಿಗೆ ಶೇ 30, ವಯಸ್ಸಾದಂತೆ ಸ್ವಲ್ಪ ಸ್ವಲ್ಪ ಏರಿ 40 ದಾಟಿದವರಿಗೆ ಶೇ 26 ಮತ್ತು 36. ಅದೇ ವರ್ಷ ಇನ್ನೊಂದು ವಿನಾಯಿತಿಯೂ ಬಂತು. ಆಗಿದ್ದ 600 ಅಂಕದ ಫಿಟ್‌ನೆಸ್ ಪರೀಕ್ಷೆಯಲ್ಲಿ 540 ತೆಗೆದು, ಪ್ರತಿ ವಿಭಾಗದಲ್ಲೂ ಕನಿಷ್ಠ 80 ಪಡೆದವರಿಗೆ ಟೇಪ್ ಪರೀಕ್ಷೆಯೇ ಬೇಡವಾಗಿತ್ತು. ಕೆಲಸ ಮಾಡಿ ತೋರಿಸಿದ ಮೇಲೆ ಸೊಂಟ ಯಾಕೆ ಅಳೆಯಬೇಕು, ಅಲ್ವಾ? ಬೆಂಕೆ 1942ರಲ್ಲಿ ಹೇಳಿದ್ದು ಕಚೇರಿ ತಲುಪಲು 80 ವರ್ಷ ಹಿಡಿಯಿತು.

ಫಿಟ್‌ನೆಸ್ ಅಂದರೆ ಒಂದೇ ಸಾಮರ್ಥ್ಯ ಅಲ್ಲ

ಸೀಲ್ಸ್ ತರಬೇತಿಗೆ ಒಳಗೆ ಬರಲು ಇರುವ ಕನಿಷ್ಠ ಅಳತೆ ಬಹಳ ವರ್ಷಗಳಿಂದ ಹೀಗಿದೆ: 500 ಗಜ, ಅಂದರೆ ಸುಮಾರು 457 ಮೀಟರ್ ಈಜು 12 ನಿಮಿಷ 30 ಸೆಕೆಂಡಿನಲ್ಲಿ. 2 ನಿಮಿಷದಲ್ಲಿ 50 ಪುಷ್ ಅಪ್. ಮತ್ತೆ 50 ಸಿಟ್ ಅಪ್. 10 ಪುಲ್ ಅಪ್. ಕೊನೆಗೆ ಒಂದೂವರೆ ಮೈಲಿ, ಅಂದರೆ 2.4 ಕಿಲೋಮೀಟರ್ ಓಟ 10 ನಿಮಿಷ 30 ಸೆಕೆಂಡಿನಲ್ಲಿ. ಒಂದೊಂದನ್ನೇ ತೆಗೆದು ನೋಡಿದರೆ ಯಾವುದೂ ಅಸಾಧ್ಯ ಅಲ್ಲ. ಎಲ್ಲವೂ ಒಂದರ ಹಿಂದೆ ಒಂದು, ಸ್ವಲ್ಪವೇ ಬಿಡುವು ಕೊಟ್ಟು ಬರುತ್ತದೆ. ಮತ್ತು ಇಷ್ಟೇ ಮಾಡಿ ಒಳಗೆ ಹೋದವರು ಬಹುಪಾಲು ಉಳಿಯುವುದಿಲ್ಲ.

ಇಲ್ಲಿ ಎರಡು ವಿಷಯ ಪರೀಕ್ಷೆಯಾಗುತ್ತವೆ. ಒಂದು ಸ್ನಾಯುವಿನ ಬಲ ಮತ್ತು ತಾಳಿಕೆ. ಇನ್ನೊಂದು ಹೃದಯ, ಶ್ವಾಸಕೋಶಗಳ ಸಾಮರ್ಥ್ಯ. ಎರಡನೆಯದಕ್ಕೆ ವಿಒ2 ಮ್ಯಾಕ್ಸ್ ಎಂಬ ಅಳತೆ. ನೀವು ಮೈಮುರಿದು ಓಡುವಾಗ ದೇಹ ಒಂದು ನಿಮಿಷಕ್ಕೆ ಗರಿಷ್ಠ ಎಷ್ಟು ಆಕ್ಸಿಜನ್ ಬಳಸಬಲ್ಲದು ಎನ್ನುವುದೇ ಅದು. ಸಾಮಾನ್ಯವಾಗಿ ಪ್ರತಿ ಕೆಜಿ ತೂಕಕ್ಕೆ ಇಷ್ಟು ಮಿಲಿಲೀಟರ್ ಅಂತ ಹೇಳುತ್ತಾರೆ. ವ್ಯಾಯಾಮ ಇಲ್ಲದ ಆರೋಗ್ಯವಂತ ಯುವಕನಿಗೆ 40ರ ಆಸುಪಾಸು. ವಿಶೇಷ ಪಡೆಗಳ ತರಬೇತಿಗೆ ಬರುವವರಲ್ಲಿ 50ರಿಂದ 60. ಮುಂಚೂಣಿ ಮ್ಯಾರಥಾನ್ ಓಟಗಾರರಲ್ಲಿ 70 ದಾಟುತ್ತದೆ.

ಇದನ್ನು ಅಳೆಯಲು ಲ್ಯಾಬ್ ಬೇಕಾಗಿಲ್ಲ. ಅಮೆರಿಕದ ವಾಯುಪಡೆಯ ಡಾಕ್ಟರ್ ಕೆನೆತ್ ಕೂಪರ್ 1968ರಲ್ಲಿ ಒಂದು ಸುಲಭ ದಾರಿ ಕೊಟ್ಟರು. 12 ನಿಮಿಷದಲ್ಲಿ ಎಷ್ಟು ಮೀಟರ್ ಓಡುತ್ತೀರೋ ಅದರಿಂದ 504.9 ಕಳೆದು 44.73ರಿಂದ ಭಾಗಿಸಿ. 2,800 ಮೀಟರ್ ಓಡಿದರೆ 51 ಬರುತ್ತದೆ. ಅಂದಾಜು ಅಷ್ಟೇ, ಆದರೆ ಒಳ್ಳೇ ಅಂದಾಜು.

ಗಮನಿಸಿ, ಕಮಾಂಡೊ ಅಭ್ಯರ್ಥಿ ಓಟದಲ್ಲಿ ಮ್ಯಾರಥಾನ್ ಓಟಗಾರನಿಗೆ ಸಮ ಅಲ್ಲ. ಬಲದಲ್ಲಿ ಭಾರ ಎತ್ತುವ ಪಟುವಿಗೂ ಸಮ ಅಲ್ಲ. ಎರಡರಲ್ಲೂ ಸಾಕಷ್ಟು ಚೆನ್ನಾಗಿರುವುದು, ಮತ್ತು ನಾಳೆಯೂ ಹಾಗೇ ಇರುವುದು ಅವನ ಕೆಲಸ. ಕೊಬ್ಬಿನ ವಿಷಯದಲ್ಲೂ ಅಷ್ಟೇ. ಇಂಥ ತರಬೇತಿಗೆ ಬರುವ ಗಂಡಸರಲ್ಲಿ ಸಾಮಾನ್ಯವಾಗಿ ಸಿಗುವುದು ಶೇ 10ರಿಂದ 18ರ ನಡುವಿನ ಸಂಖ್ಯೆ. ತೆಳ್ಳಗೆ ಹೌದು, ಆದರೆ ದೇಹದಾರ್ಢ್ಯ ಸ್ಪರ್ಧೆಯ ವೇದಿಕೆ ಮೇಲೆ ನಿಲ್ಲುವಷ್ಟು ಅಲ್ಲ.

ಬೆನ್ನಿನ ಮೂಟೆ ಲೆಕ್ಕವನ್ನೇ ಬದಲಿಸುತ್ತದೆ

ಪುಲ್ ಅಪ್‌ನಲ್ಲಿ ನೀವು ಎತ್ತುವುದು ನಿಮ್ಮನ್ನೇ. ಅಲ್ಲಿ ಹಗುರ ದೇಹಕ್ಕೆ ಲಾಭ. ಬರಿಮೈಯಲ್ಲಿ ಓಡುವಾಗಲೂ ಹಾಗೇ. ಆದರೆ ಸೈನಿಕ ಬರಿಮೈಯಲ್ಲಿ ಎಲ್ಲಿಗೂ ಹೋಗುವುದಿಲ್ಲ. ಬ್ರಿಟನ್ನಿನ ಎಸ್‌ಎಎಸ್ ಆಯ್ಕೆಯಲ್ಲಿ ವೇಲ್ಸ್‌ನ ಬ್ರೆಕನ್ ಬೀಕನ್ಸ್ ಬೆಟ್ಟಗಳಲ್ಲಿ ಫ್ಯಾನ್ ಡ್ಯಾನ್ಸ್ ಎಂಬ ನಡಿಗೆ ಇದೆ. ಪೆನ್ ಇ ವಾನ್ ಶಿಖರ ಹತ್ತಿ, ಆಚೆ ಇಳಿದು, ಮತ್ತೆ ಅದೇ ದಾರಿಯಲ್ಲಿ ವಾಪಸ್. ಒಟ್ಟು ಸುಮಾರು 24 ಕಿಲೋಮೀಟರ್, ಬೆನ್ನಿಗೆ ಹೊರೆ, ಕೈಯಲ್ಲಿ ಬಂದೂಕು.

ಹೊರೆ ಬಂದಾಗ ಏನಾಗುತ್ತದೆ ನೋಡಿ. 60 ಕೆಜಿಯ ಓಟಗಾರ, ವಿಒ2 ಮ್ಯಾಕ್ಸ್ 58. 80 ಕೆಜಿಯ ಇನ್ನೊಬ್ಬ, ವಿಒ2 ಮ್ಯಾಕ್ಸ್ 52. ಓಟದಲ್ಲಿ ಮೊದಲನೆಯವನೇ ಮುಂದೆ. ಈಗ ಇಬ್ಬರ ಬೆನ್ನಿಗೂ 35 ಕೆಜಿ ಕಟ್ಟಿ. ಮೊದಲನೆಯವನ ಒಟ್ಟು ಆಕ್ಸಿಜನ್ ಸಾಮರ್ಥ್ಯ ನಿಮಿಷಕ್ಕೆ ಸುಮಾರು 3.5 ಲೀಟರ್, ಅದು ಈಗ 95 ಕೆಜಿ ಎಳೆಯಬೇಕು. ಎರಡನೆಯವನದು ಸುಮಾರು 4.2 ಲೀಟರ್, ಎಳೆಯಬೇಕಾದದ್ದು 115 ಕೆಜಿ. ಭಾಗಿಸಿ ನೋಡಿದರೆ ಇಬ್ಬರಿಗೂ 36ರ ಮೇಲೆ ಸ್ವಲ್ಪ. ಓಟಗಾರನ ಅನುಕೂಲ ಹೆಚ್ಚುಕಡಿಮೆ ಮಾಯ. ಅವನ ಮಂಡಿ, ಬೆನ್ನು ಮಾತ್ರ ತನ್ನ ಅರ್ಧಕ್ಕಿಂತ ಹೆಚ್ಚು ತೂಕ ಹೊರುತ್ತಿವೆ.

ಈಗ ಕೊಬ್ಬನ್ನು ಸೇರಿಸೋಣ. ಕೊಬ್ಬು ನಡೆಯುವುದಿಲ್ಲ, ನಡೆಸಿಕೊಳ್ಳುತ್ತದೆ. ಅಂದರೆ ನಡಿಗೆಯ ಮಟ್ಟಿಗೆ ಅದೂ ಮೂಟೆಯ ಜೊತೆಗೇ ಸೇರುವ ಸತ್ತ ಭಾರ. ಆಗಲೇ ನೋಡಿದ 86 ಕೆಜಿಯ ಇಬ್ಬರಿಗೂ ಇದೇ 35 ಕೆಜಿ ಕೊಡಿ. ಮೊದಲನೆಯವನಲ್ಲಿ 76 ಕೆಜಿ ದುಡಿಯುವ ದೇಹ 45 ಕೆಜಿ ಹೊರುತ್ತದೆ. ಎರಡನೆಯವನಲ್ಲಿ 62 ಕೆಜಿ ದೇಹ 59 ಕೆಜಿ ಹೊರುತ್ತದೆ. ಬೆಟ್ಟದ ಅರ್ಧಕ್ಕೇ ಯಾರು ಕೂರುತ್ತಾರೆ ಎಂದು ಹೇಳಬೇಕಿಲ್ಲ.

ಕೊಬ್ಬು ಕಮ್ಮಿ ಇರಬೇಕು ಎನ್ನುವುದು ಅರ್ಧ ಸರಿ ಎಂದದ್ದು ಇದಕ್ಕೇ. ಹಾಗಾದರೆ ಪೂರ್ತಿ ಇಳಿಸಿಬಿಟ್ಟರೆ?

ರೇಂಜರ್ ಶಾಲೆಯ ಪಾಠ

ದೇಹದ ಎರಡು ಮುಖ್ಯ ಇಂಧನಗಳನ್ನು ಒಲೆಯ ಲೆಕ್ಕದಲ್ಲಿ ಹೇಳಬಹುದು. ಸ್ನಾಯು, ಯಕೃತ್ತಿನಲ್ಲಿ ಕೂಡಿಟ್ಟ ಗ್ಲೈಕೊಜೆನ್ ಎಂಬ ಸಕ್ಕರೆ ಸಂಗ್ರಹ ಪುಳ್ಳೆ ಇದ್ದ ಹಾಗೆ. ಬೇಗ ಹತ್ತುತ್ತದೆ, ಬೇಗ ಮುಗಿಯುತ್ತದೆ. ಕೊಬ್ಬು ದಪ್ಪ ಕೊರಡು, ನಿಧಾನ, ಆದರೆ ರಾತ್ರಿಯಿಡೀ ಉರಿಯುತ್ತದೆ. ಗ್ಲೈಕೊಜೆನ್ ಇರುವುದು 400ರಿಂದ 500 ಗ್ರಾಂ, ಅಂದರೆ 2,000 ಕ್ಯಾಲೊರಿಯಷ್ಟು. ಅದೇ 11 ಕೆಜಿ ಕೊಬ್ಬಿನಲ್ಲಿ, ಗ್ರಾಂಗೆ 9 ಕ್ಯಾಲೊರಿಯಂತೆ, ಲಕ್ಷದ ಹತ್ತಿರ ಕ್ಯಾಲೊರಿ ಇದೆ. ಊಟ ಸಾಲದ, ನಿದ್ದೆ ಇಲ್ಲದ, ದಿನವಿಡೀ ನಡೆಯುವ ತರಬೇತಿಯಲ್ಲಿ ಈ ಸಂಗ್ರಹವೇ ದೇಹವನ್ನು ನಡೆಸುತ್ತದೆ.

ಇದನ್ನು ಚೆನ್ನಾಗಿ ಅಳೆದದ್ದು 1990ರ ದಶಕದ ಆರಂಭದಲ್ಲಿ, ಅಮೆರಿಕದ ರೇಂಜರ್ ಶಾಲೆಯಲ್ಲಿ. ಆಗ ಅದು 8 ವಾರದ ಕೋರ್ಸ್. ಕಾಡು, ಬೆಟ್ಟ, ಮರುಭೂಮಿ, ಜೌಗು ಎಲ್ಲವೂ ಇತ್ತು. ಊಟ ಬೇಕೆಂದೇ ಕಡಿಮೆ, ನಿದ್ದೆ ಇನ್ನೂ ಕಡಿಮೆ. ದಿನಕ್ಕೆ ಸುಮಾರು 4,000 ಕ್ಯಾಲೊರಿ ಖರ್ಚಾಗುತ್ತಿತ್ತು. ಬರುವುದಕ್ಕೂ ಖರ್ಚಿಗೂ ಪ್ರತಿದಿನ ಸಾವಿರಕ್ಕೂ ಹೆಚ್ಚು ಕ್ಯಾಲೊರಿ ಅಂತರ.

ಕೋರ್ಸ್ ಮುಗಿಸಿದವರು ಸರಾಸರಿ ಸುಮಾರು 12 ಕೆಜಿ, ಅಂದರೆ ತಮ್ಮ ತೂಕದ ಶೇ 16ರಷ್ಟು ಕಳೆದುಕೊಂಡಿದ್ದರು. ಕೊಬ್ಬು ಶೇ 14, 15ರಿಂದ ಶೇ 6ರ ಹತ್ತಿರಕ್ಕೆ ಇಳಿದಿತ್ತು. ನೋಡಲು ಪತ್ರಿಕೆ ಮುಖಪುಟದ ಹೊಟ್ಟೆ. ಒಳಗೆ ಬೇರೆಯೇ ಸ್ಥಿತಿ. 76 ಕೆಜಿಯವನು 64ಕ್ಕೆ ಬಂದ ಎಂದುಕೊಂಡು ಲೆಕ್ಕ ಹಾಕಿ. ಕೊಬ್ಬು 11 ಕೆಜಿಯಿಂದ 4ರ ಹತ್ತಿರಕ್ಕೆ ಬಂತು, ಅಂದರೆ ಹೋದದ್ದು 7. ಉಳಿದ 5 ಕೆಜಿ ಎಲ್ಲಿಂದ ಹೋಯಿತು? ಸ್ನಾಯು ಮತ್ತು ನೀರಿನಿಂದ.

ಕೊಬ್ಬು ಶೇ 4ರಿಂದ 6ಕ್ಕೆ ಬಂದರೆ ಗಂಡಸಿನ ದೇಹಕ್ಕೆ ಅದು ತಳ ಎನ್ನುವುದು ಆ ಅಧ್ಯಯನದಿಂದ ಬಂದ ತೀರ್ಮಾನ. ಅದಕ್ಕಿಂತ ಕೆಳಗೆ ಸುಡಲು ಬಿಡುವ ಕೊಬ್ಬು ಉಳಿದಿರುವುದಿಲ್ಲ. ನರಗಳಲ್ಲಿ, ಮಜ್ಜೆಯಲ್ಲಿ, ಅಂಗಗಳ ಸುತ್ತ ಇರುವುದು ಬದುಕಲು ಬೇಕಾದ ಕೊಬ್ಬು. ಆ ತಳ ಹತ್ತಿರ ಬಂದಷ್ಟೂ ದೇಹ ಸ್ನಾಯು ಕರಗಿಸಿ ಅದರ ಪ್ರೋಟೀನಿನಿಂದ ಮಿದುಳಿಗೆ ಬೇಕಾದ ಗ್ಲೂಕೋಸ್ ಮಾಡಿಕೊಳ್ಳುತ್ತದೆ. ಆನ್ಸೆಲ್ ಕೀಸ್ ಇಲ್ಲಿ ಮತ್ತೆ ಬರುತ್ತಾರೆ. ಅವರು 1944, 45ರಲ್ಲಿ ಮಿನೆಸೋಟದಲ್ಲಿ 36 ಮಂದಿ ಸ್ವಯಂಸೇವಕರಿಗೆ 24 ವಾರ ಅರೆಹೊಟ್ಟೆ ಊಟ ಕೊಟ್ಟು ಗಮನಿಸಿದ್ದರು. ಅವರ ತೂಕದ ಕಾಲು ಭಾಗ ಹೋಯಿತು, ಕೊಬ್ಬು ಹೆಚ್ಚುಕಡಿಮೆ ಇದೇ ತಳಕ್ಕೆ ಬಂದು ನಿಂತಿತ್ತು. ಒಂದು ಕಡೆ ಹಸಿವಿನ ಪ್ರಯೋಗ, ಇನ್ನೊಂದು ಕಡೆ ಸೇನೆಯ ಹೆಮ್ಮೆಯ ಕೋರ್ಸ್. ದೇಹಕ್ಕೆ ಎರಡರ ನಡುವೆ ವ್ಯತ್ಯಾಸ ಗೊತ್ತಾಗುವುದಿಲ್ಲ.

ರೇಂಜರ್ ಅಭ್ಯರ್ಥಿಗಳ ರಕ್ತದಲ್ಲಿ ಟೆಸ್ಟೊಸ್ಟಿರೋನ್ ಪಾತಾಳಕ್ಕೆ ಇಳಿದಿತ್ತು. ಥೈರಾಯ್ಡ್ ಹಾರ್ಮೋನ್ ಇಳಿದಿತ್ತು, ಅಂದರೆ ದೇಹ ಖರ್ಚು ಕಡಿತ ಶುರು ಮಾಡಿತ್ತು. ಎತ್ತುವ ಬಲ ಸುಮಾರು ಐದನೇ ಒಂದು ಭಾಗ ಕಮ್ಮಿ. ರೋಗ ನಿರೋಧಕ ಶಕ್ತಿ ಕುಗ್ಗಿ ಸೋಂಕುಗಳು ಹೆಚ್ಚಿದವು. ಮುಂದಿನ ವರ್ಷ ಇನ್ನೊಂದು ತಂಡಕ್ಕೆ ಊಟ ಸ್ವಲ್ಪ ಹೆಚ್ಚಿಸಿ ನೋಡಿದರು. ಕೋರ್ಸ್ ಅದೇ, ಕಷ್ಟ ಅದೇ. ತೂಕ ನಷ್ಟ ಶೇ 13ಕ್ಕೆ ಇಳಿಯಿತು, ಸೋಂಕು ಕಮ್ಮಿಯಾಯಿತು. ದಿನಕ್ಕೆ ಕೆಲವು ನೂರು ಕ್ಯಾಲೊರಿ, ಅಷ್ಟೇ.

ಇದರಲ್ಲಿ ನನಗೆ ಮುಖ್ಯ ಅನ್ನಿಸುವುದು ಇದು. ಇಂಥ ಕೋರ್ಸ್ ದೇಹ ಕಟ್ಟುವುದಿಲ್ಲ, ಕಟ್ಟಿಕೊಂಡು ಬಂದ ದೇಹವನ್ನು ಖರ್ಚು ಮಾಡುತ್ತದೆ. ಕೊನೆಯ ದಿನದ ಫೋಟೊದಲ್ಲಿ ಕಾಣುವ ಹೊಟ್ಟೆಯ ಗೆರೆಗಳು ತರಬೇತಿಯ ಫಲ ಅಲ್ಲ, ಖಾಲಿಯಾದ ಉಗ್ರಾಣ. ಶೇ 14 ಕೊಬ್ಬು ತಂದವನಿಗೆ ಖರ್ಚು ಮಾಡಲು ಏನೋ ಇತ್ತು. ಶೇ 7 ಇಟ್ಟುಕೊಂಡು ಬಂದಿದ್ದರೆ ಮೂರನೇ ವಾರಕ್ಕೇ ಸ್ನಾಯು ಕರಗಲು ಶುರು.

ಚಳಿ ಮತ್ತು ಬಿಸಿ

ಕೊಬ್ಬು ಇಂಧನ ಮಾತ್ರ ಅಲ್ಲ, ಮೈಯ ಬಿಸಿ ಉಳಿಸುವ ಪದರ ಕೂಡ. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಬಿಸಿ ಎಳೆದುಕೊಳ್ಳುತ್ತದೆ. ತಣ್ಣೀರಲ್ಲಿ ತೆಳ್ಳಗಿನವನು ಮೊದಲು ನಡುಗುತ್ತಾನೆ, ನಡುಗುವುದಕ್ಕೂ ಇಂಧನ ಸುಡುತ್ತದೆ. ಇಂಧನ ಮುಗಿದರೆ ನಡುಕವೂ ನಿಲ್ಲುತ್ತದೆ. 1995ರ ಫೆಬ್ರವರಿಯಲ್ಲಿ ಫ್ಲಾರಿಡಾದ ಜೌಗು ಪ್ರದೇಶದಲ್ಲಿ ರೇಂಜರ್ ಶಾಲೆಯ ನಾಲ್ವರು ಮೈ ತಣ್ಣಗಾಗಿ ಸತ್ತರು. ನೀರು ಎಂದಿಗಿಂತ ಆಳವಾಗಿತ್ತು, ಬಹಳ ಹೊತ್ತು ಅದರಲ್ಲೇ ಇರಬೇಕಾಯಿತು. ಜೌಗಿನ ಹಂತ ಬರುವುದು ಕೋರ್ಸಿನ ಕೊನೆಯ ಕಡೆಗೆ, ಅಷ್ಟರಲ್ಲಿ ಮೈಯಲ್ಲಿ ಕೊಬ್ಬು ಎಷ್ಟು ಉಳಿದಿರುತ್ತದೆ ಎಂದು ಆಗಲೇ ನೋಡಿದೆವು.

ಬಿಸಿಲಲ್ಲಿ ಉಲ್ಟಾ. ಸ್ನಾಯು ಕೆಲಸ ಮಾಡುವಾಗ ಸುಟ್ಟ ಶಕ್ತಿಯಲ್ಲಿ ಶೇ 20ರಿಂದ 25 ಮಾತ್ರ ಕೆಲಸವಾಗುತ್ತದೆ, ಉಳಿದದ್ದು ಬಿಸಿ. ಅದು ಹೊರಗೆ ಹೋಗಬೇಕು. ದಪ್ಪ ದೇಹದಿಂದ ಕಷ್ಟದಲ್ಲಿ ಹೋಗುತ್ತದೆ. ಆದರೆ ಫಿಟ್ ಆಗಿದ್ದವರೂ ಬಚಾವಲ್ಲ, ಯಾಕಂದ್ರೆ ಹಟ ಹಿಡಿದು ಮುಂದೆ ಹೋಗುವವರೂ ಅವರೇ. 2013ರ ಜುಲೈಯಲ್ಲಿ ಅದೇ ಬ್ರೆಕನ್ ಬೀಕನ್ಸ್‌ನಲ್ಲಿ ಎಸ್‌ಎಎಸ್ ಮೀಸಲು ಪಡೆಯ ಆಯ್ಕೆಗೆ ಬಂದ ಮೂವರು ಬಿಸಿಲಿನ ಹೊಡೆತಕ್ಕೆ ಸತ್ತರು.

ಹೆಂಗಸರ ಲೆಕ್ಕ ಬೇರೆ

ಬದುಕಲು ಬೇಕೇ ಬೇಕಾದ ಕೊಬ್ಬು ಗಂಡಸರಿಗೆ ಸುಮಾರು ಶೇ 3, ಹೆಂಗಸರಿಗೆ ಸುಮಾರು ಶೇ 12. ಹಾಗಾಗಿ ಶೇ 20 ಕೊಬ್ಬಿರುವ ಹೆಣ್ಣು ಒಬ್ಬ ತೆಳ್ಳಗಿನ ಕ್ರೀಡಾಪಟು, ಅದೇ ಸಂಖ್ಯೆಯ ಗಂಡು ಅಲ್ಲ. ನಾರ್ವೆ 2014ರಲ್ಲಿ ಹೆಂಗಸರಿಗೆಂದೇ ಯೇಗರ್‌ಟ್ರೊಪ್ಪನ್ ಎಂಬ ವಿಶೇಷ ಪಡೆಯ ತರಬೇತಿ ಶುರು ಮಾಡಿತು. 2015ರ ಆಗಸ್ಟ್‌ನಲ್ಲಿ ರೇಂಜರ್ ಶಾಲೆಯಿಂದ ಮೊದಲ ಬಾರಿಗೆ ಇಬ್ಬರು ಹೆಂಗಸರು ಪಾಸಾದರು.

ನಾರ್ವೆಯ ಸೇನಾ ಕೆಡೆಟ್‌ಗಳ ಒಂದು ವಾರದ ಕೋರ್ಸ್‌ನಲ್ಲಿ, ಊಟ ನಿದ್ದೆ ಎರಡೂ ಇಲ್ಲದ ಹಾಗೆ, ಗಂಡಸರು ದಿನಕ್ಕೆ 6,000 ಕ್ಯಾಲೊರಿಗೂ ಹೆಚ್ಚು, ಹೆಂಗಸರು 5,000ಕ್ಕೂ ಹೆಚ್ಚು ಖರ್ಚು ಮಾಡಿದ್ದು ದಾಖಲಾಗಿದೆ. ಹೆಂಗಸರ ದೇಹ ಆ ಶಕ್ತಿಯ ಹೆಚ್ಚಿನ ಪಾಲನ್ನು ಕೊಬ್ಬಿನಿಂದಲೇ ತೆಗೆಯಿತು. ಅಂದರೆ ಹಸಿವಿನ ಓಟದಲ್ಲಿ ಅವರಿಗೆ ಒಂದು ಅನುಕೂಲ ಇದೆ. ಅನಾನುಕೂಲವೂ ಇದೆ. ತಿಂಗಳುಗಟ್ಟಲೆ ಊಟ ಸಾಲದಿದ್ದರೆ ಮುಟ್ಟು ನಿಲ್ಲುತ್ತದೆ, ಈಸ್ಟ್ರೋಜನ್ ಇಳಿಯುತ್ತದೆ, ಮೂಳೆ ತೆಳುವಾಗಿ ಕೂದಲೆಳೆಯ ಬಿರುಕು ಬೀಳುತ್ತದೆ.

ಅಂದ ಹಾಗೆ, ಸಾಮಾನ್ಯ ಸೇನಾ ತರಬೇತಿಯಲ್ಲೂ ಗಾಯದ ಅಪಾಯ ಬಿಎಂಐ ತೀರಾ ಜಾಸ್ತಿ ಇದ್ದವರಿಗೂ ಇದೆ, ತೀರಾ ಕಮ್ಮಿ ಇದ್ದವರಿಗೂ ಇದೆ. ಓಟದಲ್ಲಿ ಹಿಂದೆ ಉಳಿಯುವವರಿಗೆ ಇನ್ನೂ ಜಾಸ್ತಿ.

ಮುಗಿದ ಮೇಲೆ ಏನಾಗುತ್ತದೆ

ಕೋರ್ಸ್ ಮುಗಿದ ರೇಂಜರ್‌ಗಳನ್ನು 5 ವಾರ ಬಿಟ್ಟು ಮತ್ತೆ ಅಳೆದರು. ಬಲ ವಾಪಸ್ ಬಂದಿತ್ತು, ಹಾರ್ಮೋನ್‌ಗಳೂ ಸರಿಹೋಗಿದ್ದವು. ಕೊಬ್ಬು ಮಾತ್ರ ಮೊದಲಿದ್ದದ್ದಕ್ಕಿಂತ ಜಾಸ್ತಿ ಆಗಿತ್ತು. ಮಿನೆಸೋಟದಲ್ಲೂ ಹೀಗೇ ಆಗಿತ್ತು. ಬರಗಾಲ ಕಂಡ ದೇಹ ಮೊದಲು ಕೊರಡು ಕೂಡಿಡುತ್ತದೆ, ಹಸಿವು ವಾರಗಟ್ಟಲೆ ತಣಿಯುವುದಿಲ್ಲ. ಇದು ಶಿಸ್ತು ತಪ್ಪಿದ್ದಲ್ಲ. ಕಠಿಣ ಡಯಟ್ ಮಾಡಿ ಬಿಟ್ಟವರಿಗೆ ಈ ಅನುಭವ ಚೆನ್ನಾಗಿ ಗೊತ್ತು.

ಸೀಲ್ಸ್ ತರಬೇತಿಯ ಅತಿ ಕಠಿಣ ಹಂತವಾದ ಹೆಲ್ ವೀಕ್ ಚಿಕ್ಕದು, ಐದೂವರೆ ದಿನ. ಆದರೆ ಅಷ್ಟೂ ದಿನ ಸೇರಿ ನಿದ್ದೆ ಸುಮಾರು 4 ಗಂಟೆ, ಓಟ 300 ಕಿಲೋಮೀಟರ್ ದಾಟುತ್ತದೆ. 2022ರ ಫೆಬ್ರವರಿಯಲ್ಲಿ ಅದನ್ನು ಮುಗಿಸಿದ ಕೆಲವೇ ಗಂಟೆಗಳಲ್ಲಿ ಒಬ್ಬ ಅಭ್ಯರ್ಥಿ ನ್ಯುಮೋನಿಯಾದಿಂದ ಸತ್ತರು. ತನಿಖೆಯಲ್ಲಿ ಅಭ್ಯರ್ಥಿಗಳ ನಡುವೆ ಸ್ಟಿರಾಯ್ಡ್‌ನಂಥ ಔಷಧಿಗಳ ಬಳಕೆಯೂ ಹೊರಬಿತ್ತು. ಆಮೇಲೆ ಕೋರ್ಸ್ ಮುಗಿದ ಮೇಲಿನ ವೈದ್ಯಕೀಯ ನಿಗಾ ಬಿಗಿಯಾಯಿತು, ಔಷಧಿ ಪರೀಕ್ಷೆಯೂ ಬಂತು.

ಇದನ್ನು ಓದುವ ಜಿಮ್ ಹುಡುಗರಿಗೆ

'ಕಮಾಂಡೊ ವರ್ಕೌಟ್' ಅಂತ ಸಿಗುವುದರಲ್ಲಿ ಬಹಳಷ್ಟು, ಆಯ್ಕೆ ಪರೀಕ್ಷೆಯ ನಕಲು. ಆಯ್ಕೆ ಎಂದರೆ ಯಾರು ಬಿಟ್ಟುಹೋಗುತ್ತಾರೆ ಎಂದು ನೋಡುವ ಜರಡಿ. ಅದಕ್ಕೆ ತಯಾರಾಗುವವರು ದಿನಾ ಅದನ್ನೇ ಮಾಡುವುದಿಲ್ಲ. ಅವರು ತಿಂಗಳುಗಟ್ಟಲೆ ನಿಧಾನವಾಗಿ ಓಟದ ದೂರ ಏರಿಸುತ್ತಾರೆ, ಹೊರೆಯನ್ನು ಕೆಲವೇ ಕೆಜಿಯಿಂದ ಶುರು ಮಾಡುತ್ತಾರೆ, ಹೊಟ್ಟೆ ತುಂಬಾ ತಿಂದು ಚೆನ್ನಾಗಿ ನಿದ್ದೆ ಮಾಡುತ್ತಾರೆ.

ಕೊಬ್ಬಿನ ಸಂಖ್ಯೆ ನೋಡಲೇಬೇಕು ಅನ್ನಿಸಿದರೆ ಒಂದೇ ಯಂತ್ರ, ಬೆಳಗ್ಗೆ ಒಂದೇ ಹೊತ್ತು, ಏನೂ ತಿನ್ನುವ ಮೊದಲು. ಇವತ್ತಿನ ಸಂಖ್ಯೆ ಬಿಡಿ, ಎರಡು ತಿಂಗಳಲ್ಲಿ ಅದು ಯಾವ ಕಡೆ ಹೋಯಿತು ಎಂದು ನೋಡಿ. ಯಂತ್ರವೇ ಬೇಡ ಅಂದರೆ ಟೇಪ್ ಸಾಕು. ಸೊಂಟದ ಸುತ್ತಳತೆಯನ್ನು ಎತ್ತರದಿಂದ ಭಾಗಿಸಿ. ಅಮೆರಿಕದ ವಾಯುಪಡೆ 2023ರಿಂದ ತನ್ನವರಿಗೆ ಇಟ್ಟ ಗೆರೆ 0.55ಕ್ಕಿಂತ ಕಮ್ಮಿ. ಅರ್ಧಕ್ಕಿಂತ ಕೆಳಗಿದ್ದರೆ ಇನ್ನೂ ಒಳ್ಳೆಯದು.